‘ನನಗೆ ಹನ್ನೊಂದು ವರ್ಷ’: ಆರನೇ ತರಗತಿಯ ಫ್ರೆಂಚ್ ಸ್ವಪರಿಚಯ

ಈ ಸಲದ ಇಂಟರ್ನ್‌ಶಿಪ್‌ನಲ್ಲಿ ನನಗೆ ಹಂಚಿಕೆಯಾದದ್ದು ಹಲಸೂರು ಕೆರೆಯ ಆಸುಪಾಸಿನ ಒಂದು ಇಂಗ್ಲಿಷ್ ಮಾಧ್ಯಮ ಶಾಲೆ. ನನ್ನ ಬೋಧನಾ ವಿಷಯಗಳು ಇಂಗ್ಲಿಷ್ ಮತ್ತು ಸಮಾಜ ವಿಜ್ಞಾನ. ಆದರೆ ಆ ಶಾಲೆಗಿದ್ದ ಒಬ್ಬರೇ ಫ್ರೆಂಚ್ ಶಿಕ್ಷಕಿಯ ಮೇಲೆ ಒಂಬತ್ತು, ಹತ್ತನೇ ತರಗತಿಗಳ ಹೊರೆ ಇತ್ತು. ನಾನು ಪದವಿಯಲ್ಲಿ ಫ್ರೆಂಚ್ ಓದಿದವಳು, ವಸಂತನಗರದ ತಿಮ್ಮಯ್ಯ ರಸ್ತೆಯ ಅಲಿಯಾನ್ಸ್ ಫ್ರಾನ್ಸೇಸ್‌ಗೆ ಎರಡು ವರ್ಷ ಸಂಜೆ ತರಗತಿಗೆ ಹೋಗಿ ಬಂದವಳು ಎಂದು ತಿಳಿದ ಕೂಡಲೇ ಆರನೇ ತರಗತಿಯ ತೃತೀಯ ಭಾಷೆಯ ಅವಧಿಗಳು ನನ್ನ ವೇಳಾಪಟ್ಟಿಗೆ ಬಂದು ಕೂತವು. ಮೂವತ್ತನಾಲ್ಕು ಮಕ್ಕಳು. ಫ್ರೆಂಚ್ ಶುರುವಾಗಿ ಮೂರು ವಾರ. ಘಟಕದ ಹೆಸರು ‘ಸ ಪ್ರೆಜಾಂತೆ’, ಅಂದರೆ ತನ್ನನ್ನು ತಾನು ಪರಿಚಯಿಸಿಕೊಳ್ಳುವುದು.

ಯಾವ ಪರಭಾಷೆಯ ಪಠ್ಯವನ್ನು ತೆರೆದರೂ ಮೊದಲು ಸಿಗುವುದು ಇದೇ ಘಟಕ. ಯುರೋಪಿನ ಕೌನ್ಸಿಲ್ 2001ರಲ್ಲಿ ಪ್ರಕಟಿಸಿದ ಭಾಷಾ ಚೌಕಟ್ಟಿನ ಪ್ರಕಾರ ಎ1 ಎಂಬ ಮೊದಲ ಮೆಟ್ಟಿಲಲ್ಲಿರುವವನು ತನ್ನ ಪರಿಚಯ ಹೇಳಬೇಕು. ಎಲ್ಲಿ ವಾಸ, ಯಾರು ಗೊತ್ತು, ತನ್ನಲ್ಲಿ ಏನೇನಿದೆ ಎಂಬ ಪ್ರಶ್ನೆ ಕೇಳಲೂ ಉತ್ತರಿಸಲೂ ಬರಬೇಕು. ಮುಂದೆ ಈ ಮಕ್ಕಳಲ್ಲಿ ಯಾರಾದರೂ ಡೆಲ್ಫ್ ಎ1 ಪರೀಕ್ಷೆಗೆ ಕೂತರೆ ಮೌಖಿಕದ ಮೊದಲ ಭಾಗದಲ್ಲಿ ಪರೀಕ್ಷಕರು ಕೇಳುವುದೂ ಇದನ್ನೇ. ಹೆಸರು, ವಯಸ್ಸು, ಊರು, ಮನೆಮಂದಿ, ರೂಪ, ಇಷ್ಟಾನಿಷ್ಟ. ಎರಡು ವಾರದ ಕೆಲಸ ಎಂದು ಪಾಠಯೋಜನೆಯಲ್ಲಿ ಬರೆದುಕೊಂಡೆ.

ಮುಂದೆ ಬರುವ ಫ್ರೆಂಚ್ ಮಾತುಗಳನ್ನು ಕನ್ನಡ ಲಿಪಿಗೆ ಆದಷ್ಟು ಹತ್ತಿರ ತಂದು ಬರೆದಿದ್ದೇನೆ. ‘ಜ’ ಎಂದು ಬರೆದ ಕಡೆ ಹೆಚ್ಚಿನಂಶ ನಮ್ಮ ಜಕಾರವಲ್ಲ. ಶಕಾರವನ್ನೇ ಗಂಟಲು ಅದುರಿಸಿ ಹೇಳಿದರೆ ಬರುವ ಸದ್ದು ಎಂದುಕೊಂಡರೆ ಸಾಕು.

ಮೊದಲ ದಿನವೇ ಮಕ್ಕಳ ಮನೆಮಾತು ಯಾವುದೆಂದು ಕೇಳಿ ಹಾಜರಿ ಪಟ್ಟಿಯ ಅಂಚಿನಲ್ಲಿ ಗುರುತು ಹಾಕಿಕೊಂಡಿದ್ದೆ. ಹಲಸೂರು, ಮರ್ಫಿ ಟೌನ್ ಕಡೆಯವರು ಹೆಚ್ಚಾಗಿ ತಮಿಳು. ಶಿವಾಜಿನಗರದಿಂದ ಬರುವವರು ದಖನಿ ಉರ್ದು. ಕೆ.ಆರ್. ಪುರ ಕಡೆಯವರಲ್ಲಿ ಕನ್ನಡ, ತೆಲುಗು. ಇಂದಿರಾನಗರದಲ್ಲಿ ಮಲಯಾಳ, ಹಿಂದಿ, ಒಂದು ಕೊಂಕಣಿ. ಮನೆಯಲ್ಲಿ ಇಂಗ್ಲಿಷ್ ಮಾತ್ರ ಎಂದವರು ಇಬ್ಬರು. ಆದರೆ ಪಠ್ಯಪುಸ್ತಕ, ಕಾರ್ಯಹಾಳೆ, ಹಿಂದಿನ ವರ್ಷಗಳ ನೋಟ್ಸ್ ಎಲ್ಲವೂ ಫ್ರೆಂಚ್‌ನ ಪಕ್ಕದಲ್ಲಿ ಇಂಗ್ಲಿಷ್ ಇಟ್ಟುಕೊಂಡೇ ನಡೆಯುತ್ತವೆ. ಫ್ರೆಂಚ್‌ಗೆ ಇಂಗ್ಲಿಷ್ ಬಾಗಿಲು ಎಂಬುದು ನಮ್ಮ ಶಾಲೆಗಳಲ್ಲಿ ಯಾರೂ ಪ್ರಶ್ನೆ ಮಾಡದ ಸಂಗತಿ.

ಆ ಬಾಗಿಲು ಎಡವಿಸುವುದು ವಯಸ್ಸಿನ ವಾಕ್ಯದಲ್ಲಿ. ‘ನನಗೆ ಹನ್ನೊಂದು ವರ್ಷ’ ಎನ್ನಲು ಫ್ರೆಂಚರು ‘ಜೆ ಓಂಜ್ ಆಂ’ ಎನ್ನುತ್ತಾರೆ. ಇಲ್ಲಿ ಬಳಸುವ ಕ್ರಿಯಾಪದ ‘ಅವ್ವಾರ್’, ಹೊಂದಿರುವುದು. ಇಂಗ್ಲಿಷ್‌ನಲ್ಲಿ ಅದೇ ಮಾತಿಗೆ ‘ಐ ಆ್ಯಮ್ ಇಲೆವೆನ್’. ಇಂಗ್ಲಿಷ್ ಮೂಲಕ ಬಂದ ಮಗು ‘ಆ್ಯಮ್’ ಎಂಬುದಕ್ಕೆ ಕಲಿತ ‘ಸ್ವಿ’ಯನ್ನು ತಂದು ಕೂರಿಸಿ ‘ಜ ಸ್ವಿ ಓಂಜ್’ ಎಂದು ಬರೆಯುತ್ತದೆ. ಅಂದರೆ ‘ನಾನೇ ಹನ್ನೊಂದು’. ಹಿಂದಿನ ಬ್ಯಾಚಿನ ಉತ್ತರಪತ್ರಿಕೆಗಳ ಕಟ್ಟನ್ನು ಶಿಕ್ಷಕಿ ತೋರಿಸಿದ್ದರು. ಪುಟಕ್ಕೊಂದರಂತೆ ಇದೇ ತಪ್ಪು, ಇದೇ ಕೆಂಪು ಗೆರೆ. ಅವರು ಹೇಳಿದ್ದು: ‘ಪ್ರತಿ ವರ್ಷ ಬಾಯಿಪಾಠ ಮಾಡಿಸ್ತೀನಿ, ಪ್ರತಿ ವರ್ಷ ಇದೇ.’

ಹಸಿವಿಗೂ ಇದೇ ಕಥೆ. ‘ಜೆ ಫ್ಯಾಂ’ ಎಂದರೆ ನನಗೆ ಹಸಿವು. ‘ಜೆ ಸ್ವಾಫ್’ ನನಗೆ ಬಾಯಾರಿಕೆ. ‘ಜೆ ಫ್ರ್ವಾ’ ನನಗೆ ಚಳಿ, ‘ಜೆ ಶೋ’ ನನಗೆ ಸೆಕೆ, ‘ಜೆ ಪ್ಯೋರ್’ ನನಗೆ ಭಯ. ‘ಜೆ ಮಾಲ್ ಆ ಲಾ ತೆತ್’ ನನಗೆ ತಲೆನೋವು. ‘ಜೆ ದೊ ಸ್ಯೋರ್’ ನನಗೆ ಇಬ್ಬರು ಅಕ್ಕತಂಗಿಯರು. ಫ್ರೆಂಚ್ ಮತ್ತು ಕನ್ನಡ ಸಾಲುಗಳನ್ನು ಒಂದರ ಕೆಳಗೊಂದು ಬರೆದು ನೋಡಿ, ಮಧ್ಯೆ ಇಂಗ್ಲಿಷ್ ಬೇಕೇ ಇಲ್ಲ. ಇಂಗ್ಲಿಷ್‌ನಲ್ಲಿ ಹಸಿವು, ಬಾಯಾರಿಕೆ, ಭಯ, ವಯಸ್ಸು ಎಲ್ಲವೂ ‘ನಾನು ಹೀಗಿದ್ದೇನೆ’ ಎಂಬ ವಿಶೇಷಣಗಳು. ಕನ್ನಡದಲ್ಲೂ ಫ್ರೆಂಚ್‌ನಲ್ಲೂ ಅವು ನಾಮಪದಗಳು. ನಮ್ಮ ಪಾಲಿಗೆ ಬಂದ, ನಮ್ಮ ಬಳಿ ಇರುವ ಸಂಗತಿಗಳು. ‘ನನಗೆ’ ಚತುರ್ಥಿ, ‘ಜ’ ಪ್ರಥಮೆ. ವ್ಯಾಕರಣದ ಪ್ರಕಾರ ಎರಡೂ ಒಂದೇ ಅಲ್ಲ, ನಿಜ. ಆದರೆ ಹಸಿವು ಒಂದು ವಸ್ತುವಿನ ಹಾಗೆ ಮನುಷ್ಯನಿಗೆ ಸಂದಿರುತ್ತದೆ ಎಂಬ ಒಳನೋಟ ಎರಡಕ್ಕೂ ಒಂದೇ.

ಇದು ಕನ್ನಡಕ್ಕೆ ಮಾತ್ರ ಸೀಮಿತವಲ್ಲ. ಬೋರ್ಡಿನ ಮೇಲೆ ‘ನನಗೆ ಹಸಿವು’ ಎಂದು ಬರೆದು, ನಿಮ್ಮ ಮನೆಯಲ್ಲಿ ಇದನ್ನು ಹೇಗೆ ಹೇಳುತ್ತೀರಿ ಎಂದು ಕೇಳಿದೆ. ಒಂದು ಕ್ಷಣ ಎಲ್ಲರೂ ಬಾಗಿಲ ಕಡೆ ನೋಡಿದರು. ಶಾಲೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡುವಂತಿಲ್ಲ ಎಂಬ ನಿಯಮವಿದೆ. ಆಮೇಲೆ ಮೂಲೆಯಿಂದ ‘ಎನಕ್ಕು ಪಸಿ’ ಬಂತು. ‘ಮೇರೆಕು ಭೂಕ್ ಲಗಿ’ ಬಂತು. ‘ನಾಕು ಆಕಲಿ’ ಬಂತು. ಎನಕ್ಕು, ಮೇರೆಕು, ನಾಕು, ನನಗೆ. ಪೂರ್ವ ಬೆಂಗಳೂರಿನ ಅರ್ಧ ಡಜನ್ ಭಾಷೆಗಳಲ್ಲಿ ಹಸಿವು ‘ನನಗೆ’ ಆಗುತ್ತದೆ. ಆ ಕೋಣೆಯಲ್ಲಿ ‘ನಾನೇ ಹಸಿದವನಾಗಿದ್ದೇನೆ’ ಎಂಬ ಧಾಟಿ ಇದ್ದದ್ದು ಇಂಗ್ಲಿಷ್‌ಗೆ ಮಾತ್ರ. ನಾವು ಮಾತ್ರ ಎಲ್ಲ ಮಕ್ಕಳನ್ನೂ ಅದೊಂದರ ಮೂಲಕವೇ ಫ್ರೆಂಚ್‌ಗೆ ಕಳಿಸುತ್ತಿದ್ದೆವು. ತಮಿಳು ಹುಡುಗನೊಬ್ಬ ಹೇಳಿದ: ‘ಮಿಸ್, ಇದು ನಮ್ಮನೇಲಿ ಹೇಳೋ ಥರಾನೇ ಇದೆ. ಇಂಗ್ಲಿಷೇ ಬೇರೆ ಥರ.’

ಆ ವಾರದ ಕಿರುಪರೀಕ್ಷೆಯಲ್ಲಿ ‘ಜ ಸ್ವಿ ಓಂಜ್’ ಎಂದು ಬರೆದವರು ಮೂವರು. ಇದನ್ನು ಸಂಶೋಧನೆ ಎಂದು ಕರೆಯುವಷ್ಟು ಧೈರ್ಯ ನನಗಿಲ್ಲ. ಒಂದು ತರಗತಿ, ಒಂದು ವಾರ. ಶಿಕ್ಷಕಿ ಮಾತ್ರ ಪತ್ರಿಕೆಗಳನ್ನು ಎರಡು ಸಲ ತಿರುವಿಹಾಕಿದರು.

ಸದ್ದಿನ ವಿಷಯದಲ್ಲೂ ನಮ್ಮ ಭಾಷೆ ಕೈಬಿಡಲಿಲ್ಲ. ಫ್ರೆಂಚ್‌ನಲ್ಲಿ ‘ಜ’ದ ಮುಂದೆ ಸ್ವರ ಬಂದರೆ ಮೊದಲನೆಯದರ ಸ್ವರ ಬಿದ್ದುಹೋಗಿ ಮೇಲೊಂದು ಅಲ್ಪವಿರಾಮದಂಥ ಗುರುತು ಉಳಿಯುತ್ತದೆ. ‘ಜ’ ಮತ್ತು ‘ಎ’ ಸೇರಿ ‘ಜೆ’. ‘ಜ’ ಮತ್ತು ‘ಆಬಿತ್’ ಸೇರಿ ‘ಜಾಬಿತ್’, ಅಂದರೆ ‘ವಾಸಿಸುತ್ತೇನೆ’. ಮಕ್ಕಳಿಗೆ ಸಂಧಿ ಪಾಠ ಇನ್ನೂ ಬಂದಿರಲಿಲ್ಲ, ಹಾಗಾಗಿ ಲೋಪಸಂಧಿ ಎಂಬ ಹೆಸರು ಹೇಳಲು ಹೋಗಲಿಲ್ಲ. ‘ಊರು ಅಲ್ಲಿ’ ಎನ್ನುತ್ತೀರೋ ‘ಊರಲ್ಲಿ’ ಎನ್ನುತ್ತೀರೋ ಎಂದು ಕೇಳಿದೆ. ‘ಮಾತು ಇಲ್ಲ’ವೋ ‘ಮಾತಿಲ್ಲ’ವೋ? ಬಿದ್ದುಹೋದ ಉಕಾರ ಎಲ್ಲಿದೆ ಎಂದು ಹುಡುಕಿದರು. ನಾವು ಬೀಳಿಸಿದ್ದಕ್ಕೆ ಗುರುತು ಇಡುವುದಿಲ್ಲ, ಅವರು ಇಡುತ್ತಾರೆ, ಅಷ್ಟೇ ವ್ಯತ್ಯಾಸ. ‘ಓಂಜ್ ಆಂ’ ಕೂಡ ಬಾಯಲ್ಲಿ ‘ಓಂಜಾಂ’ ಆಗುವುದನ್ನು ಅವರೇ ಕಂಡುಕೊಂಡರು.

ಈಗ ಹಕಾರದ ವಿಷಯ. ಈ ಬರಹ ಬರೆಯಲು ಮುಖ್ಯ ಕಾರಣವೇ ಅದು.

ಹಿಂದಿನ ಬೆಂಚಿನಲ್ಲಿ ಒಬ್ಬಳು ಹುಡುಗಿ ಇದ್ದಳು. ಕೆ.ಆರ್. ಪುರದಿಂದ ಮೆಟ್ರೊದಲ್ಲಿ ಬರುತ್ತಿದ್ದಳು. ಬೈಯಪ್ಪನಹಳ್ಳಿಯಿಂದ ಕೆ.ಆರ್. ಪುರಕ್ಕೆ ರೈಲು ಶುರುವಾದ 2023ರ ಅಕ್ಟೋಬರ್‌ಗೆ ಮುಂಚೆ ಇಷ್ಟು ದೂರದ ಶಾಲೆಗೆ ಮನೆಯವರು ಕಳಿಸುತ್ತಿರಲಿಲ್ಲವೇನೋ. ಐದನೇ ತರಗತಿಯವರೆಗೆ ಊರ ಕಡೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವಳು. ಅವಳ ಮಾತಿನಲ್ಲಿ ಹಕಾರ ನಿಲ್ಲುವುದಿಲ್ಲ. ಹಾಲು ‘ಆಲು’, ಹೋಗು ‘ಓಗು’, ಹಲಸೂರು ‘ಅಲಸೂರು’. ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ, ಬೆಂಗಳೂರಿನ ಎಷ್ಟೋ ಬೀದಿಗಳಲ್ಲಿ ಕನ್ನಡ ಹೀಗೇ ಇದೆ. ಅದರಲ್ಲಿ ಲೋಪವೇನೂ ಇಲ್ಲ. ಒಂದು ಪ್ರದೇಶದ, ಒಂದು ಜನವರ್ಗದ ನುಡಿಯ ಕ್ರಮ ಅದು. ಆದರೆ ನಗರದ ಶಾಲೆಯಲ್ಲಿ ಅದು ನಗೆಯ ವಸ್ತು. ಇಂಗ್ಲಿಷ್ ಅವಧಿಯಲ್ಲಿ ಅವಳು ‘ಹೌಸ್’ ಅನ್ನು ‘ಔಸ್’ ಎಂದಾಗ ಪಕ್ಕದ ಸಾಲಿನಿಂದ ಪ್ರತಿಧ್ವನಿ ಬರುತ್ತಿತ್ತು. ಒಂದು ತಿಂಗಳಲ್ಲಿ ಅವಳು ಬಾಯಿ ತೆರೆಯುವುದನ್ನೇ ಬಿಟ್ಟಿದ್ದಳು. ನಾನು ವೀಕ್ಷಣೆಗೆ ಕೂತ ಇಂಗ್ಲಿಷ್, ವಿಜ್ಞಾನ, ಗಣಿತ ಅವಧಿಗಳಲ್ಲಿ ಅವಳ ಧ್ವನಿ ಕೇಳಿದ್ದು ಹಾಜರಿ ಕೂಗುವಾಗ ಮಾತ್ರ.

ಫ್ರೆಂಚ್‌ನಲ್ಲಿ ಹಕಾರ ಬರೆಯುತ್ತಾರೆ, ಉಚ್ಚರಿಸುವುದಿಲ್ಲ. ‘ವಾಸಿಸು’ ಎಂಬ ಪದವೇ ಎಚ್ ಅಕ್ಷರದಿಂದ ಶುರು, ಬಾಯಲ್ಲಿ ಬರುವುದು ‘ಆಬಿತೆ’. ಇಂಗ್ಲಿಷ್ ಚೆನ್ನಾಗಿ ಬಲ್ಲ ಮಕ್ಕಳಿಗೆ ಅಕ್ಷರ ಕಣ್ಣಿಗೆ ಬಿದ್ದ ತಕ್ಷಣ ನಾಲಿಗೆ ‘ಹಬಿತ್’ ಎನ್ನುತ್ತದೆ. ಎಷ್ಟು ಸಲ ಹೇಳಿದರೂ ‘ಜ ಹಬಿತ್’. ಬುಧವಾರದ ಅವಧಿಯಲ್ಲಿ ಸಾಲಾಗಿ ಒಬ್ಬೊಬ್ಬರೇ ಎದ್ದು ತಮ್ಮ ಬಡಾವಣೆ ಹೇಳಬೇಕಿತ್ತು. ಅವಳ ಸರದಿ ಬಂತು. ಎದ್ದು ನಿಂತಳು, ಒಂದಿಷ್ಟು ಹೊತ್ತು ಸುಮ್ಮನಿದ್ದಳು, ಆಮೇಲೆ ‘ಜಾಬಿತ್ ಆ ಕೆ.ಆರ್. ಪುರಂ’ ಎಂದಳು. ತಡೆಯೇ ಇಲ್ಲದ, ತಿದ್ದಲು ಏನೂ ಇಲ್ಲದ ಮಾತು. ಇನ್ನೊಮ್ಮೆ ಹೇಳು ಎಂದೆ, ಹೇಳಿದಳು. ಇದು ಫ್ರೆಂಚರು ಹೇಳುವ ರೀತಿ, ಎಲ್ಲರೂ ಇವಳು ಹೇಳಿದ ಹಾಗೆ ಹೇಳಿ ಎಂದೆ. ಒಬ್ಬ ಕೇಳಿದ: ‘ಮಿಸ್, ಹಾಗಾದ್ರೆ ಫ್ರೆಂಚಲ್ಲಿ ಹಲಸೂರು?’ ಒಬ್ಬ ಫ್ರೆಂಚ್ ಮನುಷ್ಯ ಆ ಹೆಸರನ್ನು ಓದಿದರೆ ‘ಅಲಸೂರು’ ಎಂದೇ ಓದುವ ಸಂಭವ ಹೆಚ್ಚು ಎಂದೆ. ತರಗತಿ ನಕ್ಕಿತು. ಅವಳೂ ನಕ್ಕಳು. ಬೇರೆ ದಿನಗಳ ನಗೆಗೂ ಇದಕ್ಕೂ ವ್ಯತ್ಯಾಸವಿತ್ತು.

ಇದರಿಂದ ಅವಳ ಬದುಕು ಬದಲಾಯಿತು ಎಂದು ಹೇಳುತ್ತಿಲ್ಲ. ಇಂಗ್ಲಿಷ್ ಅವಧಿಯಲ್ಲಿ ಅವಳು ಆಮೇಲೂ ಮೌನವಾಗಿಯೇ ಇದ್ದಳು. ಫ್ರೆಂಚ್ ಅವಧಿಯಲ್ಲಿ ಮಾತ್ರ ಎರಡನೇ ಬೆಂಚಿಗೆ ಬಂದು ಕೂರತೊಡಗಿದಳು, ಯಾರೂ ಹೇಳದೆ.

ಕನ್ನಡ ಕೈಕೊಟ್ಟ ಜಾಗಗಳೂ ಇವೆ. ಅವನ್ನು ಮುಚ್ಚಿಟ್ಟರೆ ಮುಂದಿನ ಪ್ರಶಿಕ್ಷಣಾರ್ಥಿಗೆ ತೊಂದರೆ. ‘ನನಗೆ’ ಎಂದಲ್ಲೆಲ್ಲ ‘ಜೆ’ ಎಂದು ಹೇಳಿಕೊಟ್ಟರೆ ಕೆಡುತ್ತದೆ. ‘ನನಗೆ ಕ್ರಿಕೆಟ್ ಇಷ್ಟ’ ಎನ್ನಲು ‘ಜೆಮ್’ ಎಂಬ ಬೇರೆಯೇ ಕ್ರಿಯಾಪದ ಇದೆ. ‘ನನಗೆ ಕನ್ನಡ ಬರುತ್ತದೆ’ ಎನ್ನಲು ‘ಜ ಪಾರ್ಲ್’. ‘ನನಗೆ ಸುಸ್ತು’ ಎಂಬುದಂತೂ ಇಂಗ್ಲಿಷ್ ದಾರಿಯನ್ನೇ ಹಿಡಿದು ‘ಜ ಸ್ವಿ ಫಾತಿಗೆ’ ಆಗುತ್ತದೆ. ಇನ್ನೊಂದು: ‘ನಾನು ವಿದ್ಯಾರ್ಥಿ’ ಎಂಬಲ್ಲಿ ಕನ್ನಡಕ್ಕೆ ಕ್ರಿಯಾಪದವೇ ಬೇಡ. ಹಾಗಾಗಿ ಮಕ್ಕಳು ಫ್ರೆಂಚ್‌ನಲ್ಲೂ ‘ಸ್ವಿ’ ಬಿಟ್ಟುಬಿಡುತ್ತಾರೆ. ಈ ಜಾಗದಲ್ಲಿ ಇಂಗ್ಲಿಷ್‌ನ ‘ಆ್ಯಮ್’ ನೆನಪಿಸಿದರೆ ಕೆಲಸ ಸಲೀಸು. ಯಾವ ಭಾಷೆ ಎಲ್ಲಿ ನೆರವಾಗುತ್ತದೆ ಎಂಬುದನ್ನು ಮೊದಲೇ ಕೂತು ನೋಡಿಕೊಳ್ಳಬೇಕು. ಪಾಠಯೋಜನೆಯಲ್ಲಿ ‘ನಿರೀಕ್ಷಿತ ತಪ್ಪುಗಳು’ ಎಂಬ ಅಂಕಣಕ್ಕೆ ನಾವು ಸಾಮಾನ್ಯವಾಗಿ ಎರಡು ಸಾಲು ಬರೆದು ಮುಗಿಸುತ್ತೇವೆ. ನನ್ನದು ಈ ಘಟಕದಲ್ಲಿ ಎರಡು ಪುಟವಾಯಿತು.

ಲಿಂಗದ ವಿಷಯದಲ್ಲಿ ಕನ್ನಡವೂ ಇಂಗ್ಲಿಷೂ ಒಟ್ಟಿಗೆ ಸೋತವು. ಹುಡುಗ ತನ್ನನ್ನು ‘ಗ್ರಾಂ’, ಎತ್ತರ, ಎನ್ನಬೇಕು, ಹುಡುಗಿ ‘ಗ್ರಾಂದ್’. ಹುಡುಗ ‘ಆಂದಿಯಾಂ’, ಭಾರತೀಯ, ಹುಡುಗಿ ‘ಆಂದಿಯೆನ್’. ಕನ್ನಡದಲ್ಲಿ ಜಾಣ, ಜಾಣೆ ಇದ್ದಾರೆ, ಆದರೆ ‘ನಾನು ಉದ್ದ ಇದ್ದೀನಿ’ ಎಂದಾಗ ಹೇಳಿದವರು ಹುಡುಗನೋ ಹುಡುಗಿಯೋ ಮಾತಿನಿಂದ ತಿಳಿಯದು. ಇಲ್ಲಿ ಮುಂದೆ ಬಂದವರು ಶಿವಾಜಿನಗರದ ಮಕ್ಕಳು. ಲಂಬಾ, ಲಂಬಿ, ಛೋಟಾ, ಛೋಟಿ. ಅವರಿಗೆ ಇದು ಪಾಠವೇ ಅಲ್ಲ, ದಿನದ ಮಾತು. ‘ಸೋಂ ಪೆರ್, ಸಾ ಮೆರ್’ ಅಂತೂ ಇನ್ನೂ ಚೆನ್ನಾಗಿ ಕೂತಿತು. ಕನ್ನಡ, ಇಂಗ್ಲಿಷ್‌ಗಳಲ್ಲಿ ಅವನ ತಂದೆ, ಅವಳ ತಂದೆ ಎಂದು ಮಗುವಿನ ಲಿಂಗ ನೋಡುತ್ತೇವೆ. ಫ್ರೆಂಚ್ ನೋಡುವುದು ತಂದೆಯದೋ ತಾಯಿಯದೋ ಎಂದು. ಉರ್ದುವಿನ ‘ಉಸ್ಕಾ ಬಾಪ್, ಉಸ್ಕಿ ಮಾ’ ಹಾಗೆಯೇ. ಇಬ್ಬರು ದಖನಿ ಹುಡುಗಿಯರನ್ನು ಬೋರ್ಡಿಗೆ ಕರೆದು ಉಳಿದವರಿಗೆ ಅವರಿಂದಲೇ ಹೇಳಿಸಿದೆ.

‘ಕುಳ್ಳ’ ಎಂಬುದಕ್ಕೆ ಫ್ರೆಂಚ್ ಪದ ‘ಪತಿ’. ಹುಡುಗಿಯಾದರೆ ‘ಪತೀತ್’. ಆರನೇ ತರಗತಿಯ ಹುಡುಗನೊಬ್ಬ ಎದ್ದು ನಿಂತು ‘ಜ ಸ್ವಿ ಪತಿ’ ಎಂದಾಗ ಏನಾಯಿತೆಂದು ವರ್ಣಿಸುವುದು ಬೇಡ. ಮುಂದೆ ಈ ಘಟಕ ಮಾಡುವವರು ಅದಕ್ಕೆಂದು ಐದು ನಿಮಿಷ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.

ನೀನು, ನೀವುಗಳ ವ್ಯತ್ಯಾಸ ಹೇಳಿಕೊಡಲು ಒಂದು ನಿಮಿಷವೂ ಬೇಕಾಗಲಿಲ್ಲ. ಅಲ್ಲಿ ‘ತ್ಯು’, ‘ವು’. ಇಲ್ಲಿ ನೀನು, ನೀವು. ತಮಿಳಿನ ನೀ, ನೀಂಗ. ಇಂಗ್ಲಿಷ್ ಪುಸ್ತಕ ಇದಕ್ಕೊಂದು ಚೌಕಟ್ಟು ಹಾಕಿ ಅರ್ಧ ಪುಟ ವಿವರಿಸಿದೆ. ದೇವರಿಗೆ ಯಾವುದು ಎಂದು ಒಬ್ಬಳು ಕೇಳಿದಳು. ಅವರೂ ಈಗ ಪ್ರಾರ್ಥನೆಯಲ್ಲಿ ‘ತ್ಯು’ ಎಂದೇ ಕರೆಯುತ್ತಾರೆ, ನಾವು ‘ನೀನು’ ಎಂದು ಕರೆದ ಹಾಗೆ.

ರೂಪ ವರ್ಣನೆಗೆ ಬಂದಾಗ ಪಠ್ಯಪುಸ್ತಕವೇ ನಿಂತುಹೋಯಿತು. ಪುಸ್ತಕದಲ್ಲಿ ಆರು ಮಕ್ಕಳ ಚಿತ್ರ. ಒಬ್ಬರದು ಹೊಂಬಣ್ಣದ ಕೂದಲು, ಒಬ್ಬರದು ಕಂದು, ಒಬ್ಬರದು ಕೆಂಪು. ಕಣ್ಣು ನೀಲಿ, ಹಸಿರು, ಕಂದು. ಒಬ್ಬರು ವರ್ಣಿಸಬೇಕು, ಉಳಿದವರು ಯಾರೆಂದು ಊಹಿಸಬೇಕು. ನಮ್ಮ ತರಗತಿಯಲ್ಲಿ ಈ ಆಟ ಆಡಿದರೆ ಮೂವತ್ತನಾಲ್ಕು ಜನರೂ ‘ಜೆ ಲೆ ಶವೊ ನ್ವಾರ್’, ನನಗೆ ಕಪ್ಪು ಕೂದಲು, ಎನ್ನುತ್ತಾರೆ, ಊಹಿಸುವುದೇನು? ಕೆಂಪು ಕೂದಲಿಗೆ ‘ರೂ’ ಎಂಬ ಪದ ಬಂದಾಗ ಶಿವಾಜಿನಗರದ ಹುಡುಗ ರಸೆಲ್ ಮಾರ್ಕೆಟ್‌ನಲ್ಲಿ ಕಾಣುವ ಮೆಹಂದಿ ಹಚ್ಚಿದ ಗಡ್ಡದ ತಾತಂದಿರನ್ನು ಉದಾಹರಣೆ ಕೊಟ್ಟ. ಸರಿಯಾದ ಉದಾಹರಣೆಯೇ. ಬಣ್ಣ ಬಿಟ್ಟು ಬೇರೆ ಪದಗಳನ್ನು ಮುಂದಿಟ್ಟೆ: ಉದ್ದ, ಮೋಟು, ಗುಂಗುರು, ನೆಟ್ಟಗಿನ ಕೂದಲು, ಕನ್ನಡಕ. ಎರಡು ಜಡೆ ಎಂಬುದನ್ನೂ ಕೊಟ್ಟೆ, ಉಪಯೋಗವಾಗಲಿಲ್ಲ. ಹುಡುಗಿಯರೆಲ್ಲರಿಗೂ ಎರಡು ಜಡೆ ಶಾಲೆಯ ನಿಯಮ.

ಪದಪಟ್ಟಿಯಲ್ಲಿ ದಪ್ಪ, ತೆಳ್ಳಗೆ ಎಂಬ ಜೋಡಿಯೂ ಇತ್ತು. ಯಾರನ್ನು ಗುರಿಮಾಡಿ ಅದು ಬಳಕೆಯಾಗುತ್ತದೆಂದು ಹೇಳಲು ಶಿಕ್ಷಣಶಾಸ್ತ್ರ ಬೇಕಿಲ್ಲ. ‘ವರ್ಣಿಸುವುದು ತನ್ನನ್ನು ಮಾತ್ರ, ಏನು ಹೇಳಬೇಕೆಂದು ಆರಿಸುವುದೂ ತಾನೇ’ ಎಂಬ ನಿಯಮ ಹಾಕಿದೆ. ಆಗ ಒಬ್ಬಳು ಹತ್ತಿರ ಬಂದು ಮೆಲ್ಲಗೆ ಕೇಳಿದಳು, ‘ಮಿಸ್, ಎಣ್ಣೆಗಪ್ಪು ಅನ್ನೋಕೆ ಫ್ರೆಂಚಲ್ಲಿ ಏನು?’ ಅಜ್ಜಿ ಅವಳನ್ನು ಹಾಗೆ ಕರೆಯುತ್ತಾರಂತೆ. ಪದಪಟ್ಟಿಯಲ್ಲಿ ಮೈಬಣ್ಣದ ಪದವೇ ಇರಲಿಲ್ಲ. ‘ಜೆ ಲಾ ಪೋ ಬ್ರ್ಯುನ್’, ನನ್ನದು ಕಂದು ಬಣ್ಣದ ಚರ್ಮ, ಎಂದು ಬರೆದುಕೊಟ್ಟೆ. ಎಣ್ಣೆಯ ಹೊಳಪು ಅದರಲ್ಲಿ ಬರುವುದಿಲ್ಲ, ಆ ಪದ ಕನ್ನಡಕ್ಕೇ ಇರಲಿ ಎಂದೆ. ಅವಳು ಕಾಗದ ಮಡಚಿ ಕಂಪಾಸ್ ಬಾಕ್ಸಿನಲ್ಲಿಟ್ಟುಕೊಂಡಳು. ತರಗತಿಯ ಮುಂದೆ ಅದನ್ನು ಹೇಳಲಿಲ್ಲ, ನಾನೂ ಹೇಳಿಸಲಿಲ್ಲ.

ಈ ಘಟಕದ ನಾಲ್ಕನೇ ಪಾಠವನ್ನು ವೀಕ್ಷಿಸಲು ಬಂದ ಹಿರಿಯರು ವೀಕ್ಷಣಾ ಹಾಳೆಯಲ್ಲಿ ‘ಮಕ್ಕಳ ಭಾಗವಹಿಸುವಿಕೆ ಉತ್ತಮ’ ಎಂದೂ ‘ಮಾತೃಭಾಷೆಯ ಬಳಕೆ ಅತಿಯಾಯಿತು, ಗುರಿಭಾಷೆಯಲ್ಲೇ ಬೋಧಿಸಬೇಕು’ ಎಂದೂ ಬರೆದರು. ಅಂಕವೂ ಅದಕ್ಕೆ ತಕ್ಕಂತೆ ಬಂತು. ಅವರ ಮಾತಿನಲ್ಲಿ ಹುರುಳಿದೆ. ವಾರಕ್ಕೆ ಮೂರೇ ಅವಧಿ, ತಲಾ ನಲವತ್ತು ನಿಮಿಷ. ಈ ಮಕ್ಕಳ ಕಿವಿಗೆ ಫ್ರೆಂಚ್ ಬೀಳುವುದು ಅಷ್ಟೇ ಹೊತ್ತು. ಅದನ್ನು ಬೇರೆ ಭಾಷೆಗಳು ನುಂಗಬಾರದು. ಆದರೆ ನನ್ನ ತಕರಾರು ಬೇರೆ. ಅದೇ ಶಾಲೆಯಲ್ಲಿ ಫ್ರೆಂಚ್ ಪಾಠದ ಅರ್ಧಕ್ಕೂ ಹೆಚ್ಚು ಹೊತ್ತು ಇಂಗ್ಲಿಷ್‌ನಲ್ಲಿ ನಡೆಯುತ್ತದೆ. ಅದನ್ನು ಯಾವ ವೀಕ್ಷಣಾ ಹಾಳೆಯೂ ‘ಅನ್ಯಭಾಷೆಯ ಬಳಕೆ’ ಎಂದು ಗುರುತಿಸುವುದಿಲ್ಲ. ಇಂಗ್ಲಿಷ್ ಕೂಡ ಗುರಿಭಾಷೆಯಲ್ಲ. ಮೂವತ್ತನಾಲ್ಕರಲ್ಲಿ ಮೂವತ್ತೆರಡು ಮಕ್ಕಳಿಗೆ ಮನೆಯ ಮೊದಲ ಮಾತೂ ಅಲ್ಲ. ನಾನು ಆ ದಿನ ಕನ್ನಡ, ತಮಿಳು, ಉರ್ದುಗಳಿಗೆ ಕೊಟ್ಟದ್ದು ಎಲ್ಲ ಸೇರಿ ಐದಾರು ನಿಮಿಷ. ಇಂಗ್ಲಿಷ್ ವಿವರಣೆಯನ್ನು ಅಷ್ಟರಮಟ್ಟಿಗೆ ಕಡಿಮೆ ಮಾಡಿದ್ದೆ. ಫ್ರೆಂಚ್‌ನ ಪಾಲು ಕುಗ್ಗಲಿಲ್ಲ.

ಬಹುಭಾಷಿಕತೆಯನ್ನು ತರಗತಿಯ ಸಂಪನ್ಮೂಲವೆಂದು ಕಾಣಬೇಕು ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳುತ್ತದೆ. ಅದನ್ನು ನಾವು ಮೊದಲ ಸೆಮಿಸ್ಟರ್‌ನಲ್ಲಿ ಓದಿ ಉತ್ತರ ಬರೆದು ಅಂಕ ಪಡೆದಿದ್ದೇವೆ. ವೀಕ್ಷಣಾ ಹಾಳೆಯ ಅಂಕಣಗಳಿಗೆ ಆ ಪುಟ ಇನ್ನೂ ತಲುಪಿಲ್ಲ. ‘ಮಾತೃಭಾಷೆಯ ಬಳಕೆ’ ಎಂಬ ಒಂದೇ ಕಲಂ ಬದಲು ‘ಯಾವ ಭಾಷೆ, ಯಾವ ಉದ್ದೇಶಕ್ಕೆ, ಎಷ್ಟು ಹೊತ್ತು’ ಎಂದು ಮೂರು ಕಲಂ ಮಾಡಿ, ಇಂಗ್ಲಿಷನ್ನೂ ಅದರಲ್ಲಿ ಸೇರಿಸಿ ಎಂಬುದು ನನ್ನ ಕೋರಿಕೆ.

ಫ್ರೆಂಚ್‌ಗೂ ಈ ಭಾಗದ ಬೆಂಗಳೂರಿಗೂ ನಂಟು ಹಳೆಯದು. ಆ ನಂಟಿನಲ್ಲಿ ಇಂಗ್ಲಿಷ್ ಯಾವಾಗಲೂ ನಡುವೆ ನಿಂತಿರಲಿಲ್ಲ ಎಂಬುದು ನೆನಪಿಡುವಂಥದ್ದು. ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದ ಈಗಿನ ಗೋಥಿಕ್ ಕಟ್ಟಡ 1882ರಲ್ಲಿ ಮುಗಿದದ್ದು ಪ್ಯಾರಿಸ್‌ನ ವಿದೇಶಿ ಮಿಷನ್ನಿನ ಪಾದ್ರಿ ಕ್ಲೈನರ್ ಅವರ ಕಾಲದಲ್ಲಿ. ಅದೇ ವರ್ಷ ಅದೇ ಮಿಷನ್ನಿನವರು ಸಂತ ಜೋಸೆಫರ ಕಾಲೇಜನ್ನು ಆರಂಭಿಸಿದರು. ಅದಕ್ಕೂ ಮೊದಲು, 1861ರಲ್ಲಿ, ಮೈಸೂರು ಮಿಷನ್ನಿನ ಫ್ರೆಂಚ್ ಬಿಷಪ್ಪರು ರಚಿಸಿದ ಒಂದು ಲ್ಯಾಟಿನ್-ಕನ್ನಡ ನಿಘಂಟು ಬೆಂಗಳೂರಿನಲ್ಲೇ ಅಚ್ಚಾಯಿತು. ಫ್ರಾನ್ಸಿನಿಂದ ಬಂದ ಪಾದ್ರಿ ಇಲ್ಲಿ ‘ನನಗೆ’ ಎಂಬುದನ್ನು ಕಲಿಯುವಾಗ ಪಕ್ಕದಲ್ಲಿಟ್ಟುಕೊಳ್ಳಲು ಲ್ಯಾಟಿನ್ ಇತ್ತು, ತಾನು ಚೆನ್ನಾಗಿ ಬಲ್ಲ ಭಾಷೆ. ನಮ್ಮ ಮಕ್ಕಳಿಗೆ ಆ ಸವಲತ್ತನ್ನು ಇಲ್ಲವೆನ್ನಲು ಕಾರಣ ಕಾಣುವುದಿಲ್ಲ. ಸೆಪ್ಟೆಂಬರ್ ಹಬ್ಬಕ್ಕೆ ಕಾವಿ ಉಟ್ಟು ಆ ಚರ್ಚಿಗೆ ಹೋಗುವ ಇಬ್ಬರು ಮಕ್ಕಳು ತರಗತಿಯಲ್ಲಿದ್ದರು. ಅದರ ಹಿಂದೆ ಫ್ರೆಂಚರು ಇದ್ದರೆಂದು ಅವರಿಗೆ ಅಂದೇ ತಿಳಿದದ್ದು.

ಘಟಕದ ಕೊನೆಗೆ ಮಕ್ಕಳೇ ಸೇರಿ ಒಂದು ಚಾರ್ಟ್ ಮಾಡಿದರು. ಎಡಕ್ಕೆ ‘ಜೆ ಫ್ಯಾಂ’, ‘ಜೆ ಓಂಜಾಂ’ ಮುಂತಾದ ಹತ್ತು ವಾಕ್ಯ; ಬಲಕ್ಕೆ ಕನ್ನಡ, ತಮಿಳು, ತೆಲುಗು, ಉರ್ದು, ಮಲಯಾಳ, ಕೊಂಕಣಿ, ಹಿಂದಿ, ಇಂಗ್ಲಿಷ್. ಆಯಾ ಭಾಷೆಯ ಮಕ್ಕಳೇ ತಮ್ಮ ಲಿಪಿಯಲ್ಲಿ ಬರೆದದ್ದು. ಉರ್ದು ಅಂಕಣ ಬರೆಯಲು ಬಂದವನಿಗೆ ಬಲದಿಂದ ಎಡಕ್ಕೆ ಜಾಗ ಸಾಲದೆ ಕೊನೆಯ ಪದ ಕೆಳಗೆ ಇಳಿದಿದೆ. ಭಾಷಾ ನಿಯಮದ ಕಾರಣಕ್ಕೆ ಅದನ್ನು ಗೋಡೆಗೆ ಹಾಕಲು ಒಪ್ಪಿಗೆ ಸಿಗಲಿಲ್ಲ. ಫ್ರೆಂಚ್ ಶಿಕ್ಷಕಿ ಅದನ್ನು ತರಗತಿಯ ಬೀರುವಿನ ಬಾಗಿಲ ಒಳಬದಿಗೆ ಅಂಟಿಸಿದ್ದಾರೆ. ಫ್ರೆಂಚ್ ಅವಧಿ ಶುರುವಾಗುವಾಗ ಸೀಮೆಸುಣ್ಣ ತೆಗೆಯುವ ನೆಪದಲ್ಲಿ ಬಾಗಿಲು ತೆರೆದು, ಗಂಟೆ ಹೊಡೆಯುವವರೆಗೆ ಹಾಗೇ ಬಿಡುತ್ತಾರೆ ಎಂದು ಮೊನ್ನೆ ಫೋನಿನಲ್ಲಿ ಹೇಳಿದರು.